ಬಿಚ್ಚಿಟ್ಟ ಟೈರಿಗೆ ನಮ್ಮ ಕಡೆ ಚಳಿಯ ಭಯವಿಲ್ಲ, ಬಿಸಿಲಿನದ್ದಿದೆ

ವಾಹನ ವಿಭಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಟೈರಿನ ಬಗ್ಗೆ. ಓಡುವ ಟೈರಲ್ಲ, ಬಿಚ್ಚಿ ಮೂಲೆಗಿಟ್ಟ ಅಥವಾ ತಿಂಗಳುಗಟ್ಟಲೆ ನಿಂತಲ್ಲೇ ನಿಂತ ಟೈರು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಕಾರಿಗೆ ಎರಡು ಸೆಟ್ ಟೈರುಗಳಿವೆ. ದಿನದ ಓಡಾಟಕ್ಕೆ ಕಂಪನಿ ಕೊಟ್ಟವು. ಇನ್ನೊಂದು ಸೆಟ್ 225/45 ಆರ್17 ಅಳತೆಯ ಪರ್ಫಾರ್ಮೆನ್ಸ್ ಟೈರುಗಳು; ಕೊಯಮತ್ತೂರು ಅಥವಾ ಚೆನ್ನೈ ಟ್ರ್ಯಾಕಿಗೆ ಹೋಗುವಾಗ ಮಾತ್ರ ಹಾಕಿಸುತ್ತೇನೆ. ಉಳಿದ ದಿನ ರಿಮ್ ಇಲ್ಲದೆ ಮಾಳಿಗೆ ಮೇಲಿನ ತಗಡಿನ ರೂಮಿನಲ್ಲಿರುತ್ತವೆ. ಇಂಥ ಟೈರಿಗೆ ಚಳಿ ಆಗಿಬರುವುದಿಲ್ಲ, ಚಳಿಗಾಲದಲ್ಲಿ ಬೆಚ್ಚಗಿಡಬೇಕು ಎಂದು ಎಲ್ಲ ಕಡೆ ಬರೆದಿರುತ್ತಾರೆ. ಡಿಸೆಂಬರಿನಲ್ಲಿ ರೂಮಿಗೆ ಹೀಟರ್ ಇಡಬೇಕೆ? (ಬಳ್ಳಾರಿ)

ಉತ್ತರ: ಹೀಟರ್ ಬೇಡ. ನೀವು ಓದಿದ್ದು ನಿಜವೇ, ಆದರೆ ಅದು ಹಿಮ ಬೀಳುವ ದೇಶಗಳ ಮಾತು. ಪರ್ಫಾರ್ಮೆನ್ಸ್ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಸೊನ್ನೆಗಿಂತಲೂ 7 ಡಿಗ್ರಿ ಕೆಳಗಿಳಿದರೆ ಬಿರುಕು ಬಿಡುವ ಅಪಾಯ ಶುರುವಾಗುತ್ತದೆ. ಬಳ್ಳಾರಿಯಲ್ಲಿ ಜನವರಿಯ ನಸುಕಿನಲ್ಲೂ ಅದರ ಹತ್ತಿರಕ್ಕೆ ಹೋಗುವ ಚಳಿ ಇಲ್ಲ. ಬಿಚ್ಚಿಟ್ಟ ಟೈರಿಗೆ ಇಡೀ ವರ್ಷದಲ್ಲಿ ಹಿತವಾದ ತಿಂಗಳುಗಳೆಂದರೆ ನಿಮ್ಮೂರಿನ ಡಿಸೆಂಬರ್ ಮತ್ತು ಜನವರಿಯೇ. ನೀವು ಚಿಂತೆ ಮಾಡಬೇಕಾದದ್ದು ಮಾರ್ಚಿನಿಂದ ಜೂನ್ ಮಳೆವರೆಗಿನ ದಿನಗಳ ಬಗ್ಗೆ, ಅದರಲ್ಲೂ ಆ ತಗಡಿನ ರೂಮಿನ ಬಗ್ಗೆ.

ಟೈರು ಇಡುವ ಜಾಗ 25 ಡಿಗ್ರಿ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 35 ದಾಟದಂತೆ ನೋಡಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ನೆರಳೇ 40 ಮುಟ್ಟುತ್ತದೆ. ಕಾದ ತಗಡಿನ ಕೆಳಗೆ ಅದಕ್ಕಿಂತ ಹೆಚ್ಚು. ಉಷ್ಣತೆ 10 ಡಿಗ್ರಿ ಏರಿದಂತೆ ರಬ್ಬರು ಹಳತಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಅಂದಾಜಿನ ಲೆಕ್ಕ. ಬಿಸಿಯಲ್ಲಿ ರಬ್ಬರಿನೊಳಗಿನ ಗಂಧಕದ ಕೊಂಡಿಗಳು ಬಿಗಿಯಾಗುತ್ತ ಹೋಗುತ್ತವೆ, ಮೆದುವಾಗಿರಲೆಂದು ಬೆರೆಸಿದ ಎಣ್ಣೆ ಮೆಲ್ಲಗೆ ಆರಿಹೋಗುತ್ತದೆ. ಎರಡು ಬೇಸಿಗೆ ಕಳೆದ ಮೇಲೂ ಟೈರು ನೋಡಲು ಹೊಸದರಂತೆಯೇ ಇರುತ್ತದೆ, ಬಟನ್ (ನೆಲಕ್ಕೆ ತಾಗುವ ಮೈಯ ಉಬ್ಬುಗಳು) ಒಂದಿಷ್ಟೂ ಸವೆದಿರುವುದಿಲ್ಲ. ತಿರುವಿನಲ್ಲಿ ಹಿಡಿತ ಮಾತ್ರ ಇರುವುದಿಲ್ಲ. ನೀವು ಈ ಟೈರಿಗೆ ಹೆಚ್ಚು ದುಡ್ಡು ಕೊಟ್ಟಿರುವುದೇ ಆ ಹಿಡಿತಕ್ಕಾಗಿ.

ಮೊದಲು ಜಾಗ ಬದಲಿಸಿ. ಮೇಲಂತಸ್ತಿನ ರೂಮು ಬೇಡ. ಆರ್‌ಸಿಸಿ ಚಾವಣಿಯಾದರೂ ಹಗಲು ಕುಡಿದ ಬಿಸಿಯನ್ನು ರಾತ್ರಿಯಿಡೀ ಕೆಳಗೆ ಬಿಡುತ್ತಿರುತ್ತದೆ. ಪಡುವಣ ಗೋಡೆಗೆ ತಾಗಿಸಿಯೂ ಇಡಬೇಡಿ. ನೆಲಮಹಡಿಯಲ್ಲಿ, ಮನೆಯ ನಡುವಿನ ಅಥವಾ ಉತ್ತರ ಭಾಗದ ರೂಮು ಸರಿಯಾದ ಜಾಗ. ಮೆಟ್ಟಿಲ ಕೆಳಗಿನ ಸಂದಿ, ಮಂಚದ ಕೆಳಗಿನ ಜಾಗವಾದರೂ ನಡೆಯುತ್ತದೆ. ಹತ್ತು ಕೆಜಿ ಆಸುಪಾಸಿನ ನಾಲ್ಕು ಟೈರುಗಳನ್ನು ಕೆಳಗಿಳಿಸುವ ಶ್ರಮ ಒಂದು ಸಲದ್ದು.

ಎರಡನೆಯ ಶತ್ರು ಓಜೋನ್. ಗಾಳಿಯಲ್ಲಿ ಅತ್ಯಲ್ಪ ಇದ್ದರೂ ಅದು ರಬ್ಬರಿನ ಅಣುಸರಪಳಿಯನ್ನು ಕತ್ತರಿಸುತ್ತದೆ. ರಬ್ಬರು ಎಲ್ಲಿ ಹಿಗ್ಗಿ ನಿಂತಿದೆಯೋ ಅಲ್ಲಿ, ಆ ಹಿಗ್ಗಿಗೆ ಅಡ್ಡಲಾಗಿ ಸಣ್ಣ ಸೀಳು ಮೂಡುತ್ತದೆ. ಮನೆಯಲ್ಲಿ ಓಜೋನ್ ಹುಟ್ಟುವುದು ಕಿಡಿ ಹಾರುವ ಕಡೆ. ಕಾರ್ಬನ್ ಬ್ರಷ್ ಇರುವ ಮೋಟರುಗಳು, ಅಂದರೆ ಮಿಕ್ಸಿ, ಡ್ರಿಲ್, ಗ್ರೈಂಡಿಂಗ್ ಮಷೀನ್ ಇರುವ ಕೋಣೆಯಲ್ಲಿ ಟೈರು ಬೇಡ. ಫ್ರಿಜ್ಜಿನ ಮೋಟರಿನಲ್ಲಿ ಬ್ರಷ್ ಇರುವುದಿಲ್ಲ, ಆದರೆ ಅದರ ಬೆನ್ನು ಬಿಸಿ ಕಕ್ಕುತ್ತದೆ. ಇನ್ವರ್ಟರ್ ಬ್ಯಾಟರಿಯ ಪಕ್ಕವೂ ಬೇಡ, ಚಾರ್ಜ್ ಆಗುವಾಗ ಆಸಿಡ್ ಆವಿ ಏಳುತ್ತದೆ.

ಇಡುವ ಮುನ್ನ ತೊಳೆಯಿರಿ. ಅರ್ಧ ಬಕೆಟ್ ನೀರಿಗೆ ಒಂದು ಚಮಚ ಶಾಂಪೂ, ನೈಲಾನ್ ಬ್ರಷ್, ಬಟನ್ ಸಂದಿಯ ಕಲ್ಲು ತೆಗೆಯಲು ಮೊಂಡು ತುದಿಯ ಸ್ಕ್ರೂಡ್ರೈವರ್ ಸಾಕು. ಒಳಭಾಗದಲ್ಲಿ ನೀರು ನಿಂತಿರುತ್ತದೆ, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಒಂದು ದಿನ ಆರಲು ಬಿಡಿ. ನಂತರ ಒಂದೊಂದು ಟೈರನ್ನೂ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ವ್ಯಾಕ್ಯೂಮ್ ಕ್ಲೀನರಿನಿಂದ ಗಾಳಿ ಹೀರಿಸಿ, ಬಾಯಿಗೆ ಟೇಪ್ ಸುತ್ತಿ. ವ್ಯಾಕ್ಯೂಮ್ ಇಲ್ಲದಿದ್ದರೆ ಕೈಯಿಂದ ಅದುಮಿ ಗಾಳಿ ತೆಗೆದರೂ ಬಹುಪಾಲು ಕೆಲಸವಾಗುತ್ತದೆ. ಇದರಿಂದ ಓಜೋನ್ ಒಳಗೆ ಬರುವುದೂ ಎಣ್ಣೆ ಹೊರಗೆ ಆರುವುದೂ ಕಡಿಮೆಯಾಗುತ್ತದೆ. ಒದ್ದೆ ಟೈರನ್ನು ಚೀಲದಲ್ಲಿ ಕಟ್ಟಿದರೆ ಬೀಡಿನ, ಅಂದರೆ ರಿಮ್ಮಿಗೆ ಕೂರುವ ಒಳ ಅಂಚಿನ, ತಂತಿಯ ಬಳಿ ತೇವ ಸೇರಿಕೊಳ್ಳುತ್ತದೆ, ಅದಕ್ಕಿಂತ ಚೀಲವಿಲ್ಲದಿರುವುದೇ ವಾಸಿ. ಕಪ್ಪು ಚೀಲವನ್ನು ಬಿಸಿಲು ಬೀಳುವಲ್ಲಿ ಇಡಲೇಬೇಡಿ, ಒಳಗೆ ಟೈರು ಬೇಯುತ್ತದೆ.

ರಿಮ್ ಇಲ್ಲದ ಟೈರನ್ನು ನಿಲ್ಲಿಸಿಡಬೇಕು. ಕೆಳಗೆ ಅಗಲವಾದ ಹಲಗೆ ಇರಲಿ. ಸಣ್ಣ ಕಬ್ಬಿಣದ ಸರಳಿನ ಮೇಲೆ ನಿಲ್ಲಿಸಿದರೆ ಆ ಗೆರೆಯಲ್ಲೇ ತಗ್ಗು ಬೀಳುತ್ತದೆ. ತಿಂಗಳಿಗೊಮ್ಮೆ ಕಾಲು ಸುತ್ತು ತಿರುಗಿಸಿ. ಗೋಡೆಯ ಮೊಳೆಗೆ ತೂಗುಹಾಕುವುದು ಬೇಡವೇ ಬೇಡ, ಬೀಡು ಹಿಗ್ಗಿ ಆಕಾರ ಕೆಡುತ್ತದೆ. ಜಾಗವಿಲ್ಲದೆ ಒಂದರ ಮೇಲೊಂದು ಇಡಲೇಬೇಕಾದರೆ ನಾಲ್ಕಕ್ಕಿಂತ ಹೆಚ್ಚು ಬೇಡ, ತಿಂಗಳಿಗೊಮ್ಮೆ ಕೆಳಗಿನದು ಮೇಲೆ ಬರಲಿ. ರಿಮ್ ಸಮೇತ ಇಡುವವರಿಗೆ ಈ ನಿಯಮ ತಿರುಗುಮುರುಗು: ಅವನ್ನು ಮಲಗಿಸಿ ಪೇರಿಸಬಹುದು, ರಿಮ್ಮಿನ ಮೂಲಕ ತೂಗುಹಾಕಲೂಬಹುದು, ನಿಲ್ಲಿಸಿಡಬಾರದು. ಅಲಾಯ್ ಉಜ್ಜದಂತೆ ನಡುವೆ ರಟ್ಟು ಹಾಕಿ. ವರ್ಷಕ್ಕೆ ಹಲವು ಸಲ ಬಿಚ್ಚಿ ಹಾಕುವ ನಿಮ್ಮಂಥವರು ಇನ್ನೊಂದು ಸೆಟ್ ರಿಮ್ ಕೊಳ್ಳುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಪ್ರತಿ ಸಲ ಮಷೀನಿಗೆ ಹಾಕಿ ಬಿಚ್ಚುವಾಗ ಬೀಡಿನ ಅಂಚಿಗೆ ಸ್ವಲ್ಪವಾದರೂ ಪೆಟ್ಟು ಬೀಳುತ್ತದೆ.

ಪ್ರಶ್ನೆ: ಮಗಳು, ಅಳಿಯ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ಚಳಿಗಾಲ ಬಂತೆಂದು ಅಳಿಯಂದಿರು ಕಾರಿನ ಬೇಸಿಗೆ ಟೈರುಗಳನ್ನು ರಿಮ್ ಸಮೇತ ಬಿಚ್ಚಿಸಿ ಗ್ಯಾರೇಜಿನಲ್ಲಿಟ್ಟಿದ್ದಾರಂತೆ. ಅಲ್ಲಿ ಹೀಟಿಂಗ್ ಇಲ್ಲ, ರಾತ್ರಿ ಸೊನ್ನೆಗಿಂತ 12 ಡಿಗ್ರಿ ಕೆಳಗೆ ಹೋಗುತ್ತದಂತೆ. ಹೊಸ ಟೈರು, ಹಾಳಾದವೇನೋ ಎಂದು ಮಗಳು ಫೋನಿನಲ್ಲಿ ಕೇಳಿದಳು. ನನಗೆ ಟೈರಿನ ವ್ಯಾಪಾರ ಗೊತ್ತು, ಆ ಚಳಿ ಗೊತ್ತಿಲ್ಲ. (ರಾಯಚೂರು)

ಉತ್ತರ: ಸುಮ್ಮನೆ ಇಟ್ಟಲ್ಲೇ ಇದ್ದರೆ ಹಾಳಾಗಿರುವುದಿಲ್ಲ ಎಂದು ಮಗಳಿಗೆ ಧೈರ್ಯ ಹೇಳಿ. ಅಳಿಯಂದಿರಿಗೆ ಹೇಳಬೇಕಾದ ಮಾತು ಒಂದೇ: ಹೆಪ್ಪುಗಟ್ಟುವ ಚಳಿಯಲ್ಲಿ ಅವನ್ನು ಅಲ್ಲಾಡಿಸಬೇಡಿ.

ಬೇಸಿಗೆಯ ಪರ್ಫಾರ್ಮೆನ್ಸ್ ಟೈರಿನ ರಬ್ಬರು ಬಿಸಿ ರಸ್ತೆಯಲ್ಲಿ ಹಿಡಿತ ಕೊಡಲೆಂದೇ ಬೆರೆಸಿದ್ದು. ಸ್ಟೈರೀನ್ ಹೆಚ್ಚಿರುವ ಕೃತಕ ರಬ್ಬರು ಅದರಲ್ಲಿ ಜಾಸ್ತಿ ಇರುತ್ತದೆ. ಚಳಿಗಾಲದ ಟೈರಿನಲ್ಲಿ ಸಹಜ ರಬ್ಬರು, ಪಾಲಿಬ್ಯುಟಡೈನ್ ಎಂಬ ಇನ್ನೊಂದು ಕೃತಕ ರಬ್ಬರಿನ ಪಾಲು ಹೆಚ್ಚು, ಹಾಗಾಗಿ ಅದು ಹಿಮದಲ್ಲೂ ಮೆದುವಾಗಿರುತ್ತದೆ. ಬೇಸಿಗೆ ರಬ್ಬರು ತಣಿಯುತ್ತ ಹೋದಂತೆ ರಬ್ಬರಿನ ಗುಣ ಬಿಟ್ಟು ಗಾಜಿನ ಗುಣಕ್ಕೆ ತಿರುಗುತ್ತದೆ. ಹಾಗೆ ಗಡುಸಾದ ಹೊತ್ತಿನಲ್ಲಿ ಮೇಲಿನಿಂದ ಕೆಳಗೆ ಎತ್ತಿಹಾಕಿದರೆ, ಕಾರಿಗೆ ಹಾಕಿ ಉರುಳಿಸಿದರೆ, ಮಷೀನಿನಲ್ಲಿ ರಿಮ್ಮಿನಿಂದ ಬಿಚ್ಚಲು ಹೋದರೆ ಬಟನ್ನಿನ ಬುಡದಲ್ಲಿ ಬಿರುಕು ಬೀಳುತ್ತದೆ, ಇಲ್ಲವೇ ಚೂರು ಕಿತ್ತು ಬರುತ್ತದೆ. ಅಂಥ ಬಿರುಕಿಗೆ ವಾರಂಟಿ ಇಲ್ಲವೆಂದು ದೊಡ್ಡ ಕಂಪನಿಗಳು ಬರೆದೇ ಇಟ್ಟಿವೆ.

ತೆಗೆಯಲೇಬೇಕಾದರೆ ಟೈರನ್ನು ಬೆಚ್ಚನೆಯ ಜಾಗದಲ್ಲಿ, ಕನಿಷ್ಠ 5 ಡಿಗ್ರಿಗಿಂತ ಮೇಲೆ, 24 ಗಂಟೆ ಬಿಡಬೇಕು. ಹೊರಮೈ ಬೆಚ್ಚಗಾದರೂ ಒಳಗಿನ ಪದರಗಳು ತಣ್ಣಗೇ ಇರುತ್ತವೆ, ಅದಕ್ಕೆ ಇಷ್ಟು ಹೊತ್ತು. ಹೀಟರಿನ ಎದುರಿಗೆ ಹಿಡಿಯುವುದು, ಹೇರ್ ಡ್ರೈಯರ್ ಹಾಯಿಸುವುದು ಬೇಡ. ಕಾರಿಗೇ ಹಾಕಿದ್ದು ಚಳಿಗೆ ಸಿಕ್ಕಿಕೊಂಡಿದ್ದರೂ ಇದೇ ಕ್ರಮ. ಗ್ಯಾರೇಜಿನಿಂದ ಹತ್ತಡಿ ಹಿಂದಕ್ಕೆ ತೆಗೆಯಲೂ ಹೋಗಬಾರದು.

ಮುಂದಿನ ವರ್ಷಕ್ಕೆ ಮನೆಯ ನೆಲಮಾಳಿಗೆ ಒಳ್ಳೆಯ ಜಾಗ, ಆದರೆ ಅಲ್ಲಿ ಮನೆ ಕಾಯಿಸುವ ಎಣ್ಣೆಯ ಟ್ಯಾಂಕು, ಬರ್ನರ್ ಇದ್ದರೆ ಬೇಡ. ಎಣ್ಣೆಯ ಆವಿ ರಬ್ಬರಿಗೆ ಆಗದು. ಟೈರು ಇಟ್ಟುಕೊಳ್ಳುವ ಸೇವೆಯೂ ಜರ್ಮನಿಯಲ್ಲಿದೆ, ಅದನ್ನು ಅಲ್ಲಿ ರೈಫನ್ ಹೋಟೆಲ್ ಅನ್ನುತ್ತಾರೆ. ರಿಮ್ ಸಮೇತ ಇಡುವಾಗ ಗಾಳಿಯನ್ನು ಮಾಮೂಲಿಗಿಂತ 0.5 ಬಾರ್ ಹೆಚ್ಚು ತುಂಬಿಸಿರಲಿ. ಚಳಿಯಲ್ಲಿ ಗಾಳಿ ಕುಗ್ಗುತ್ತದೆ: 20 ಡಿಗ್ರಿಯಲ್ಲಿ 2.4 ಬಾರ್ ತುಂಬಿಸಿದ್ದು ಸೊನ್ನೆಗಿಂತ 10 ಡಿಗ್ರಿ ಕೆಳಗೆ ಸುಮಾರು 2.05ಕ್ಕೆ ಇಳಿಯುತ್ತದೆ, ಗಾಳಿ ಒಂದಿಷ್ಟೂ ಸೋರದಿದ್ದರೂ.

ಈಗ ಕಾರಿಗೆ ಹಾಕಿರುವ ಚಳಿಗಾಲದ ಟೈರಿನ ಪಕ್ಕೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯೇ ಎಂದು ನೋಡಲು ಹೇಳಿ. ಎಂ ಪ್ಲಸ್ ಎಸ್ ಅಕ್ಷರ ಮಾತ್ರ ಇರುವ ಟೈರು 2024ರ ಅಕ್ಟೋಬರ್ 1ರಿಂದ ಜರ್ಮನಿಯಲ್ಲಿ ಚಳಿಗಾಲದ ಟೈರು ಎಂದು ಲೆಕ್ಕಕ್ಕಿಲ್ಲ. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು ಎಂಬುದು ಅಲ್ಲಿನ ರೂಢಿ. ಸಾಮಾನ್ಯವಾಗಿ ಆ ಹೊತ್ತಿಗೆ ಮ್ಯೂನಿಕ್‌ನ ಹಗಲು 7 ಡಿಗ್ರಿ ದಾಟಿರುತ್ತದೆ, ಬೇಸಿಗೆ ಟೈರನ್ನು ಆಗ ಹಾಕಿಸಿದರೆ ಯಾವ ತೊಂದರೆಯೂ ಇಲ್ಲ.

ಪ್ರಶ್ನೆ: ನಮ್ಮ ಭಾವನ್ಯಾರು ದುಬೈಗೆ ಹೋಗ್ಯಾರ್ರಿ. ಅವ್ರ ಕಾರು ಎಂಟು ತಿಂಗಳಾತು ನಮ್ಮ ಶೆಡ್ಡಿನ್ಯಾಗ ನಿಂತೈತಿ. ಮೊನ್ನಿ ಹೊರಗ ತಗದು ಓಡಿಸಿದ್ರ ಸ್ಟೇರಿಂಗು ಗಡಗಡ ನಡುಗತೈತಿ. ಟೈರು ಹೋದ್ವೇನ್ರಿ? ಅವ್ರು ಬರೋದು ಇನ್ನೂ ಆರು ತಿಂಗಳೈತಿ. (ಕೊಪ್ಪಳ ತಾಲ್ಲೂಕು)

ಉತ್ತರ: ಹೋಗಿವೆ ಎಂದು ಈಗಲೇ ತೀರ್ಮಾನಿಸಬೇಡಿ. ಒಂದೇ ಕಡೆ ಭಾರ ಹೊತ್ತು ನಿಂತ ಟೈರಿನ ತಳ ಚಪ್ಪಟೆಯಾಗಿದೆ. ಟೈರಿನೊಳಗಿನ ನೈಲಾನ್ ಪದರ ಬಿಸಿಯಲ್ಲಿ ಸಡಿಲಗೊಂಡು, ತಣಿದಾಗ ಆಗಿನ ಆಕಾರದಲ್ಲೇ ಸೆಟೆದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಓಡಿ ಬಂದ ಬಿಸಿ ಕಾರನ್ನು ಹಾಗೇ ನಿಲ್ಲಿಸಿದರೆ ಇದು ಹೆಚ್ಚು. ಹೆಚ್ಚು ವೇಗಕ್ಕೆಂದು ಮಾಡಿದ ಟೈರುಗಳಲ್ಲಿ ಈ ನೈಲಾನ್ ಪದರ ಜಾಸ್ತಿ ಇರುವುದರಿಂದ ಅವು ಬೇಗ ಚಪ್ಪಟೆಯಾಗುತ್ತವೆ.

ಮೊದಲು ತಣ್ಣಗಿರುವಾಗ ಗಾಳಿ ನೋಡಿ. ಎಂಟು ತಿಂಗಳಲ್ಲಿ ಸಾಕಷ್ಟು ಇಳಿದಿರುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಷ್ಟು ತುಂಬಿಸಿ. ನಾಲ್ಕೂ ಪಕ್ಕೆಗಳ ಮೇಲೆ ಕೈಯಾಡಿಸಿ, ಒಳಬದಿಯದೂ ಸೇರಿ. ಉಬ್ಬು, ಸೀಳು ಇದ್ದರೆ ರಸ್ತೆಗೆ ಇಳಿಸಲೇಬೇಡಿ. ಏನೂ ಇಲ್ಲದಿದ್ದರೆ 50-60ರ ವೇಗದಲ್ಲಿ 25-30 ಕಿಲೋಮೀಟರ್ ಓಡಿಸಿ. ಟೈರು ಬಿಸಿಯಾದಂತೆ ನಡುಕ ಇಳಿಯುತ್ತ ಬಂದರೆ ತೊಂದರೆ ತಾತ್ಕಾಲಿಕ. ಕೊನೆವರೆಗೂ ಇದ್ದಷ್ಟೇ ಇದ್ದರೆ ಬ್ಯಾಲೆನ್ಸಿಂಗ್ ಮಾಡಿಸಿ. ಮಷೀನಿನಲ್ಲಿ ಚಕ್ರ ತಿರುಗುವಾಗ ಟೈರು ಮೇಲೆ ಕೆಳಗೆ ಕುಣಿಯುವುದು ಕಣ್ಣಿಗೇ ಕಂಡರೆ ಅದು ಇನ್ನು ಸರಿಹೋಗುವುದಿಲ್ಲ.

ಉಳಿದ ಆರು ತಿಂಗಳಿಗೆ ಎರಡು ದಾರಿಗಳಿವೆ. ಒಂದು, ಗಾಳಿಯನ್ನು 33 ಪಿಎಸ್‌ಐ ಇದ್ದಲ್ಲಿ 40ಕ್ಕೆ ಏರಿಸಿ, ಹದಿನೈದು ದಿನಕ್ಕೊಮ್ಮೆ ಕಾರನ್ನು ಒಂದೂವರೆ ಅಡಿ ಮುಂದಕ್ಕೆ ತಳ್ಳಿ. 185/65 ಆರ್15 ಟೈರಿನ ಸುತ್ತಳತೆ ಹತ್ತಿರಹತ್ತಿರ ಎರಡು ಮೀಟರ್. ಒಂದೂವರೆ ಅಡಿಗೆ ಕಾಲು ಸುತ್ತು ತಿರುಗಿ ಬೇರೆ ಜಾಗ ನೆಲಕ್ಕೆ ಬರುತ್ತದೆ. ಗಾಳಿ ಪಕ್ಕೆಯ ಮೇಲೆ ಬರೆದ ಗರಿಷ್ಠ ಮಿತಿ ದಾಟದಿರಲಿ. ಇನ್ನೊಂದು, ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸುವುದು. ಅದಕ್ಕೆ ಜ್ಯಾಕ್ ಪಾಯಿಂಟ್ ಗೊತ್ತಿರುವ ಮೆಕ್ಯಾನಿಕ್ ಬೇಕು, ಜ್ಯಾಕಿನ ಮೇಲೇ ಬಿಟ್ಟು ಹೋಗುವುದು ಪ್ರಾಣಕ್ಕೆ ಅಪಾಯ. ನಮಗೆ ಕೇಳಿದರೆ ಮೊದಲನೆಯದೇ ಸಲೀಸು. ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಡಿಕ್ಕಿಯ ಸ್ಟೆಪ್ನಿಗೂ ಗಾಳಿ ಹಾಕಿಸಲು ಮರೆಯಬೇಡಿ.

ಪ್ರಶ್ನೆ: ನಾಟಿಗೆ ಕೆಸರು ಹೊಡೆಯುವಾಗ ಟ್ರ್ಯಾಕ್ಟರಿನ ಹಿಂದಿನ ಟೈರು ಬಿಚ್ಚಿ ಕೇಜ್ ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕುತ್ತೇವೆ. ಬಿಚ್ಚಿದ ಟೈರುಗಳನ್ನು ಗೊಬ್ಬರ, ಔಷಧಿ ಇಡುವ ರೂಮಿನಲ್ಲಿ ಗೋಡೆಗೆ ಆನಿಸಿಡುತ್ತೇವೆ. ಟೈರಿನ ಒಂದು ಮಗ್ಗುಲು ಉಬ್ಬಿಕೊಂಡು ಅಂಟಂಟಾಗಿದೆ. ಏಕೆ? (ಸಿಂಧನೂರು)

ಉತ್ತರ: ಔಷಧಿ ಚೆಲ್ಲಿದೆ. ನೀರಿಗೆ ಹಾಕಿದರೆ ಹಾಲಿನಂತಾಗುವ ಕೀಟನಾಶಕಗಳು ಪೆಟ್ರೋಲಿಯಂ ಜಾತಿಯ ದ್ರಾವಕದಲ್ಲಿ ಕರಗಿಸಿದವು. ಆ ದ್ರಾವಕ ರಬ್ಬರಿನೊಳಗೆ ಇಳಿದು ಅದನ್ನು ಊದಿಸುತ್ತದೆ. ಡೀಸೆಲ್, ಗ್ರೀಸ್, ಹಳೇ ಇಂಜಿನ್ ಆಯಿಲ್ ಮಾಡುವುದೂ ಇದನ್ನೇ. ಕೂಡಲೇ ಸೋಪಿನ ನೀರಿನಲ್ಲಿ ತೊಳೆದು ಗಾಳಿಗೆ ಬಿಡಿ. ತೊಳೆಯುವಾಗ ಕೈಗೆ ಗ್ಲೌಸ್ ಇರಲಿ, ಆ ನೀರು ದನ ಕುಡಿಯುವ ಕಡೆ ಹರಿಯದಿರಲಿ. ಒಂದು ವಾರದ ಮೇಲೂ ಉಗುರು ಒತ್ತಿದರೆ ಗುರುತು ಹಾಗೇ ಉಳಿಯುವಷ್ಟು ಮೆತ್ತಗಿದ್ದರೆ ಆ ಟೈರನ್ನು ಟ್ರಾಲಿ ಎಳೆಯಲು ನಂಬಬೇಡಿ. ಯೂರಿಯಾ ರಬ್ಬರಿಗಿಂತ ರಿಮ್ಮಿಗೆ ಕೆಟ್ಟದ್ದು: ಗಾಳಿಯ ತೇವ ಎಳೆದುಕೊಂಡು ಕರಗಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಟೈರಿಗೆ ಬೇರೆ ಜಾಗ ಮಾಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ. ಹಿಂದಿನ ಟೈರಿನ ಟ್ಯೂಬಿಗೆ ತೂಕಕ್ಕೆಂದು ನೀರು ತುಂಬಿಸಿದ್ದರೆ ಒಂದೊಂದು ಚಕ್ರಕ್ಕೆ ಬರೀ ನೀರೇ ನೂರು ಕೆಜಿಗಿಂತ ಹೆಚ್ಚಿರುತ್ತದೆ. ಗೋಡೆಗೆ ಸುಮ್ಮನೆ ಆನಿಸಿಟ್ಟ ಅಂಥ ಚಕ್ರ ಆಡುವ ಮಕ್ಕಳ ಮೇಲೆ ಬಿದ್ದರೆ ಉಳಿಯುವುದು ಕಷ್ಟ. ಸರಪಳಿಯಿಂದ ಗೋಡೆಯ ಕೊಂಡಿಗೆ ಕಟ್ಟಿ, ಬುಡಕ್ಕೆ ಎರಡೂ ಕಡೆ ಮರದ ತುಂಡು ಕೊಡಿ. ಇಲ್ಲವೇ ನೀರು ಖಾಲಿ ಮಾಡಿ ಮಲಗಿಸಿಬಿಡಿ.

ಪ್ರಶ್ನೆ: ನಮ್ಮ ಕಡೆ ಅದಿರಿನ ಕೆಂಪು ಧೂಳು. ಟೈರು ಎಷ್ಟು ತೊಳೆದರೂ ಕಂದು ಬಣ್ಣ ಹೋಗುವುದಿಲ್ಲ. ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಕಪ್ಪಗೆ ಹೊಳೆಯುತ್ತದೆ. ಹಾಗೇ ಒರೆಸಿ ಇಡಬಹುದೆ? (ಸಂಡೂರು)

ಉತ್ತರ: ಬೇಡ. ತೊಳೆದ ಮೇಲೂ ಉಳಿಯುವ ಕಂದು ಬಣ್ಣವೆಲ್ಲ ಅದಿರಲ್ಲ. ಓಜೋನ್ ತಡೆಯಲೆಂದು ಟೈರಿನೊಳಗೇ 6ಪಿಪಿಡಿ ಎಂಬ ರಾಸಾಯನಿಕ, ಜೊತೆಗೆ ಮೇಣ ಬೆರೆಸಿರುತ್ತಾರೆ. ಅವು ನಿಧಾನವಾಗಿ ಮೇಲಕ್ಕೆ ಬಂದು, ತಾವೇ ಓಜೋನಿಗೆ ಸಿಕ್ಕು ಕಂದಾಗಿ, ಒಳಗಿನ ರಬ್ಬರನ್ನು ಉಳಿಸುತ್ತವೆ. ಅದನ್ನು ಡೀಸೆಲ್ಲಿನಿಂದ ಒರೆಸಿ ತೆಗೆದರೆ ಆ ರಕ್ಷಣೆಯೂ ಹೋಯಿತು, ಡೀಸೆಲ್ ರಬ್ಬರಿಗೆ ಇಳಿದದ್ದೂ ಆಯಿತು. ಸೀಮೆಎಣ್ಣೆ, ಕೊಬ್ಬರಿ ಎಣ್ಣೆಗೂ ಇದೇ ಮಾತು. ಓಡುವ ಟೈರು ಬಳುಕಿದಷ್ಟೂ ಮೇಣ ಮೇಲೆ ಬರುತ್ತಿರುತ್ತದೆ. ಬಿಚ್ಚಿಟ್ಟ ಟೈರಿಗೆ ಆ ಬಳುಕು ಇರುವುದಿಲ್ಲ, ಇರುವ ಪದರವನ್ನೇ ಕಾಪಾಡಿಕೊಳ್ಳಬೇಕು. ಹಾಗಾಗಿ ಇಡುವ ಮುನ್ನ ಯಾವ ಪಾಲಿಶ್ ಸಹ ಬೇಡ. ಓಡಿಸುವಾಗ ಹೊಳಪು ಬೇಕೇಬೇಕೆಂದರೆ ನೀರು ಆಧಾರದ ಸಿಲಿಕೋನ್ ಪಾಲಿಶ್ ತಗೊಳ್ಳಿ.

ಅದಿರಿನ ಧೂಳು ತೊಂದರೆ ಕೊಡುವುದು ಬೇರೆ ಕಡೆ. ಅದು ರಿಮ್ಮಿನ ಅಂಚಿನಲ್ಲಿ, ಬೀಡು ಕೂರುವ ಜಾಗದಲ್ಲಿ ಹಿಟ್ಟಿನಂತೆ ಕಟ್ಟಿಕೊಳ್ಳುತ್ತದೆ. ಹಾಗೇ ಟೈರು ಏರಿಸಿದರೆ ವಾರಕ್ಕೆ ಎರಡು ಮೂರು ಪಿಎಸ್‌ಐ ಸೋರುತ್ತದೆ, ಪಂಕ್ಚರ್ ಅಂಗಡಿಯಲ್ಲಿ ತೊಟ್ಟಿಗೆ ಮುಳುಗಿಸಿದರೂ ತೂತು ಸಿಗುವುದಿಲ್ಲ. ಹಾಕಿಸುವ ಮುನ್ನ ರಿಮ್ಮಿನ ಆ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿಸಿ, ವಾಲ್ವಿನ ಕ್ಯಾಪ್ ಕಳೆದಿದ್ದರೆ ಹೊಸದು ಹಾಕಿಸಿ.

ಪ್ರಶ್ನೆ: ಅಂಗಡಿಯವರು ವೈ ಸ್ಪೀಡ್ ರೇಟಿಂಗಿನ ಇಂಪೋರ್ಟೆಡ್ ಟೈರು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಮೇಲಿನ ಸಣ್ಣ ರಬ್ಬರು ಕೂದಲು ಕೂಡ ಹಾಗೇ ಇದೆ. ಆದರೆ ಗೋಡೌನಿನಲ್ಲಿ ಬಹಳ ದಿನದಿಂದ ಇದ್ದ ಮಾಲು. ಕೊಳ್ಳಬಹುದೆ? (ಗಂಗಾವತಿ)

ಉತ್ತರ: ಕೂದಲು ನೋಡಿ ಕೊಳ್ಳಬೇಡಿ, ತಾರೀಖು ನೋಡಿ. ಪಕ್ಕೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2223 ಎಂದಿದ್ದರೆ 2023ನೆಯ ವರ್ಷದ 22ನೆಯ ವಾರ. ಈ ಅಂಕಿ ಟೈರಿನ ಒಂದೇ ಪಕ್ಕೆಯಲ್ಲಿರಬಹುದು, ಕಾಣದಿದ್ದರೆ ತಿರುಗಿಸಿ ನೋಡಿ. ನಾಲ್ಕೂ ಟೈರಿನದು ಪ್ರತ್ಯೇಕವಾಗಿ ಓದಿ.

ತಂಪಾದ ಕತ್ತಲೆ ಗೋಡೌನಿನಲ್ಲಿದ್ದ ಎರಡು ವರ್ಷದ ಟೈರು ಹೊಸದಕ್ಕೆ ಸಮ. ಗಂಗಾವತಿಯ ಶೀಟಿನ ಗೋಡೌನಿನಲ್ಲಿ ಕಳೆದ ಎರಡು ಬೇಸಿಗೆಯನ್ನು ಹಾಗೆ ಲೆಕ್ಕ ಹಿಡಿಯಲಾಗದು. ಎಲ್ಲಿಟ್ಟಿದ್ದರು ಎಂದು ಕೇಳಿ, ಸಾಧ್ಯವಾದರೆ ಹೋಗಿ ನೋಡಿ. ಜಾಗ ಉಳಿಸಲು ಹೆಣೆದಂತೆ ಓರೆಯಾಗಿ ಒತ್ತಿ ಪೇರಿಸಿದ ರಾಶಿಯ ತಳದಲ್ಲಿದ್ದ ಟೈರಿನ ಎರಡು ಬೀಡು ಒಂದಕ್ಕೊಂದು ಅಂಟಿದಂತೆ ಕುಗ್ಗಿರುತ್ತವೆ; ಅಂಥದ್ದು ರಿಮ್ಮಿನಲ್ಲಿ ಕೂರಲು ಸತಾಯಿಸುತ್ತದೆ. ಅಂಗಡಿಯಲ್ಲಿ ಟೈರನ್ನು ನೆಲದ ಮೇಲೆ ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಬೇಕು, ಹತ್ತು ವರ್ಷವಾದದ್ದನ್ನು ಬಟನ್ ಎಷ್ಟೇ ಇದ್ದರೂ ತೆಗೆಯಬೇಕು ಎಂಬುದು ಕಂಪನಿಗಳ ಸಲಹೆ. ವೈ ಎಂದರೆ ಗಂಟೆಗೆ 300 ಕಿಲೋಮೀಟರ್ ತಾಳುವ ರಚನೆ. ಅಂಥ ಟೈರಿನಲ್ಲಿ ಬೆಲೆ ಇರುವುದು ರಬ್ಬರಿನ ಮೆದುತನಕ್ಕೆ, ಅದೇ ಮೊದಲು ಹೋಗುವುದು. ಮೂರು ವರ್ಷ ಮೀರಿದ್ದರೆ ನಾವಂತೂ ಕೊಳ್ಳುವುದಿಲ್ಲ.

ಪ್ರಶ್ನೆ: ನೈಟ್ರೋಜನ್ ತುಂಬಿಸಿಟ್ಟರೆ ಟೈರು ಹೆಚ್ಚು ಬಾಳುತ್ತದಾ? (ಮಾನ್ವಿ)

ಉತ್ತರ: ನಾವು ಉಸಿರಾಡುವ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ. ಅಂಗಡಿಯಲ್ಲಿ ತುಂಬುವ ಬರೀ ನೈಟ್ರೋಜನ್ನಿನಲ್ಲಿ ತೇವ ಇರುವುದಿಲ್ಲ, ಸೋರುವುದು ಸ್ವಲ್ಪ ನಿಧಾನ ಎಂಬುದು ನಿಜ, ಆದರೆ ಹೊರಗಿನ ಬಿಸಿಲು, ಓಜೋನಿಗೆ ಅದು ಏನೂ ಮಾಡದು. ಪುಕ್ಕಟೆ ಸಿಕ್ಕರೆ ಹಾಕಿಸಿ. ಮಾಮೂಲಿ ಗಾಳಿಯಾದರೆ ಕಂಪ್ರೆಸರ್ ಟ್ಯಾಂಕಿನ ತಳದ ನೀರು ಬಿಟ್ಟು ಆಮೇಲೆ ತುಂಬಿಸಲು ಹೇಳಿ. ನಮ್ಮ ಕಡೆ ಬೆಳಗ್ಗೆ 25 ಡಿಗ್ರಿ ಇದ್ದದ್ದು ಮಧ್ಯಾಹ್ನ 40 ಆದರೆ ನಿಂತ ಟೈರಿನಲ್ಲೇ ಎರಡಕ್ಕಿಂತ ಹೆಚ್ಚು ಪಿಎಸ್‌ಐ ಏರುತ್ತದೆ, ಹಾಗಾಗಿ ಅಳತೆ ಬೆಳಗ್ಗೆಯೇ ನೋಡಿ.

ಪ್ರಶ್ನೆ: ಬಿಚ್ಚಿಟ್ಟ ಟೈರಿನಲ್ಲಿ ಸಣ್ಣ ಸಣ್ಣ ಬಿರುಕು ಕಾಣುತ್ತಿವೆ. ಯಾವುದಕ್ಕೆ ಹೆದರಬೇಕು? (ಲಿಂಗಸುಗೂರು)

ಉತ್ತರ: ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿ, ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಗೆರೆಗಳು, ಉಗುರು ಎಳೆದರೆ ಸಿಕ್ಕಿಕೊಳ್ಳುವುದಿಲ್ಲ ಎಂದಾದರೆ ಮೇಲ್ಮೈಯವು. ಊರೊಳಗಿನ ಓಡಾಟಕ್ಕೆ ಬಳಸುತ್ತ ಕಣ್ಣಿಟ್ಟಿರಬಹುದು. ಉಗುರು ಸಿಕ್ಕಿಕೊಂಡರೆ, ಬಾಗಿಸಿದಾಗ ಬಿರುಕು ಬಾಯಿ ಬಿಟ್ಟರೆ, ಒಳಗೆ ದಾರದ ಎಳೆ ಕಂಡರೆ, ಬಟನ್ ಸಾಲಿನ ತಗ್ಗಿನ ತಳದಲ್ಲಿ ಉದ್ದಕ್ಕೂ ಸೀಳು ಹರಿದಿದ್ದರೆ, ರಿಮ್ಮಿನ ಅಂಚಿಗೆ ಸಮನಾಗಿ ಸುತ್ತಲೂ ಗೆರೆ ಇದ್ದರೆ ಅದು ಮುಗಿದ ಟೈರು. ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ, ಏಕೆಂದರೆ ಸ್ಟೆಪ್ನಿ ಹಾಕುವ ದಿನ ನೀವು ಹೆದ್ದಾರಿ ನಡುವೆ ಬಿಸಿಲಿನಲ್ಲಿ, ಮನೆಮಂದಿಯೆಲ್ಲ ಕಾರಿನಲ್ಲಿರುವಾಗಲೇ ಇರುತ್ತೀರಿ. ಬಟನ್ ಆಳ 1.6 ಮಿಲಿಮೀಟರಿಗೆ ಇಳಿದ ಟೈರು ಕಾನೂನಿಗೂ ಮುಗಿದದ್ದೇ, ಸಾಲಿನ ನಡುವಿನ ಸಣ್ಣ ಅಡ್ಡಗಟ್ಟೆಯ ಮಟ್ಟಕ್ಕೆ ಸವೆದಿದ್ದರೆ ಅಷ್ಟಕ್ಕೆ ಬಂತೆಂದು ಅರ್ಥ.

ಪ್ರಶ್ನೆ: ಹಳೇ ಟೈರುಗಳನ್ನು ಗಾಳಿಗೆ ತಗಡು ಹಾರದಂತೆ ಶೆಡ್ಡಿನ ಮೇಲೆ ಇಟ್ಟಿದ್ದೇವೆ. ಪಂಚಾಯ್ತಿಯವರು ಬಂದು ಇಳಿಸಿ ಎನ್ನುತ್ತಿದ್ದಾರೆ. (ಕುಷ್ಟಗಿ)

ಉತ್ತರ: ಅವರು ಹೇಳುವುದು ಸರಿ. ಮಲಗಿಸಿದ ಟೈರಿನ ಕೆಳಪಕ್ಕೆಯಲ್ಲಿ ಒಂದು ಮಳೆಯ ನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ಸಾಕು. ಎಂಟು ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ನೀರು ಚೆಲ್ಲಿದರೂ ಒಳಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೇ ಬದುಕಿದ್ದು ಮುಂದಿನ ಮಳೆಗೆ ಒಡೆಯುತ್ತದೆ, ಅದಕ್ಕೆ ಒಳಭಾಗವನ್ನು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ತೂಕಕ್ಕೆ ಟೈರೇ ಬೇಕಾದರೆ ಕೆಳಗೆ ಬರುವ ಪಕ್ಕೆಯಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿ, ನಾಲ್ಕು ಕಡೆ ಹೆಬ್ಬೆರಳು ಹೋಗುವಷ್ಟು ತೂತು ಕೊರೆಯಿರಿ. ಬಟನ್ ಇರುವ ಕಡೆ ಕೊರೆಯಲು ಹೋಗಬೇಡಿ, ಒಳಗಿನ ಉಕ್ಕಿನ ತಂತಿಗೆ ಡ್ರಿಲ್ ಬಿಟ್ ಮುರಿಯುತ್ತದೆ. ಮರಳು ತುಂಬಿದ ಚೀಲ ಇಟ್ಟರೆ ಇದ್ಯಾವುದೂ ಬೇಕಾಗಿಲ್ಲ.

ಪ್ರಶ್ನೆ: ಇಟ್ಟ ಚಕ್ರಗಳನ್ನು ಮತ್ತೆ ಹಾಕುವಾಗ ಯಾವುದು ಎಲ್ಲಿತ್ತೆಂದು ಮರೆತಿದ್ದೇನೆ. ಹೇಗಾದರೂ ಹಾಕಬಹುದೆ? (ಸಿರುಗುಪ್ಪ)

ಉತ್ತರ: ಪಕ್ಕೆಯ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಆ ದಿಕ್ಕಿಗೇ ಹಾಕಬೇಕು, ಹೊರಬದಿ ಎಂದು ಬರೆದಿದ್ದರೆ ಅದು ಹೊರಗೇ ಬರಬೇಕು. ಎರಡೂ ಇಲ್ಲದಿದ್ದರೆ ಬಟನ್ ಹೆಚ್ಚಿರುವ ಎರಡನ್ನು ಹಿಂದಕ್ಕೆ ಹಾಕಿಸಿ. ಮಳೆಯಲ್ಲಿ ಮುಂದಿನವು ಜಾರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ನಿಭಾಯಿಸಬಹುದು, ಹಿಂದಿನವು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಮುಂದಿನ ಸಲ ಬಿಚ್ಚುವಾಗಲೇ ಬಟನ್ ಮೇಲೆ ಚಾಕ್‌ಪೀಸಿನಲ್ಲಿ ಮುಂದೆ ಎಡ, ಹಿಂದೆ ಬಲ ಎಂದು ಬರೆದಿಡಿ. ನಟ್ಟುಗಳನ್ನು ಎದುರುಬದುರಿನ ಕ್ರಮದಲ್ಲಿ ಮೊದಲು ಕೈಯಿಂದ, ನಂತರ ಕಾರಿನ ಪುಸ್ತಕದಲ್ಲಿ ಕೊಟ್ಟ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಸಬೇಕು. ಗಾಳಿ ಗನ್ನಿನಿಂದ ಕೊನೆವರೆಗೂ ಬಿಗಿಸಿಬಿಟ್ಟರೆ ಬೋಲ್ಟು ಎಳೆದುಕೊಳ್ಳುತ್ತದೆ, ರಸ್ತೆಯಲ್ಲಿ ಪಂಕ್ಚರ್ ಆದ ದಿನ ನಿಮ್ಮ ಪಾನಾಕ್ಕೆ ಬಿಚ್ಚುವುದೂ ಇಲ್ಲ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿಸಿ.